ಮೇಷ್ಟ್ರು ಬಾಯಿ ಮುಚ್ಚಿದ ಹತ್ತು ನಿಮಿಷ

ಇರುವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಬೇರೆ ಮಾರ್ಗದರ್ಶಕರು ಬೇಕೆಂದು ಅರ್ಜಿ ಬರೆದಿಟ್ಟುಕೊಂಡಿದ್ದಾಳಂತೆ. ಈ ಸುದ್ದಿ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಬೆಳಗಿನ ಕಾಫಿಯ ಜೊತೆಯಲ್ಲೇ ಬಂತು. ಮೊದಲಿನ ಇಬ್ಬರು ಬಿಟ್ಟುಹೋಗಿದ್ದರು. ಉಳಿದವಳು ಇವಳೊಬ್ಬಳೇ.

ಮೇಷ್ಟ್ರು ಕೆಟ್ಟವರಲ್ಲ. ಬಾಯಿ ಮಾತ್ರ ತಿರುಪು ಸವೆದ ನಲ್ಲಿ, ತೆರೆದರೆ ನಿಲ್ಲದು.

ಅಂದೇ ಅಧ್ಯಾಪಕರಿಗೆಲ್ಲ ತರಬೇತಿ: ಎಳೆಯ ಸಂಶೋಧಕರನ್ನು ಕೈಹಿಡಿದು ನಡೆಸುವುದು ಹೇಗೆಂದು. ಸಂಜೆ ಪರೀಕ್ಷೆ. ಫೇಲಾದರೆ ಇರುವ ವಿದ್ಯಾರ್ಥಿಯನ್ನೂ ಕಿತ್ತುಕೊಳ್ಳುತ್ತಾರೆ.

"ನೀವು ಮಾತಾಡ್ಬೇಡಿ, ಕೇಳಿಸ್ಕೊಳ್ಳಿ. ತೀರಾ ತಡಿಯಕ್ಕಾಗ್ದಿದ್ರೆ 'ನಿನಗೇನನ್ಸುತ್ತೆ?' ಅನ್ನಿ, ಅಷ್ಟೇ" ಎಂದರು ತರಬೇತಿಯ ಮೇಡಮ್ಮು.

ಅಭ್ಯಾಸಕ್ಕೆ ಗಣಿತದ ಮೇಷ್ಟ್ರು ವಿದ್ಯಾರ್ಥಿಯಾದರು. "ಸರ್, ನನ್ ಪ್ರಯೋಗ ಕೆಟ್ಟೋಯ್ತು."

"ಕೆಡ್ದೆ ಇನ್ನೇನಾಗುತ್ತೆ! ಬಡ್ಕೊಂಡೆ ನಾನು..."

ಮೇಡಮ್ಮು ಮೇಜು ಕುಟ್ಟಿದರು.

"ಬಾಯ್ತುಂಬ ನೀರಿಟ್ಕೊಳ್ಳಿ" ಎಂದು ಗಣಿತದವರೇ ಉಪಾಯ ಹೇಳಿಕೊಟ್ಟರು. ಮರುಕ್ಷಣ ಆ ನೀರೆಲ್ಲ ಮೇಡಮ್ಮಿನ ಕಾಗದಗಳ ಮೇಲಿತ್ತು.

ಮಧ್ಯಾಹ್ನ ಹೆಂಡತಿ ಫೋನಿನಲ್ಲಿ ನಕ್ಕರು. "ಮೂವತ್ ವರ್ಷದಲ್ಲಿ ನನ್ ಕೈಲಾಗಿಲ್ಲ. ಆಯಮ್ಮ ಒಂದಿನದಲ್ಲಿ ಮಾಡ್ತಾರಾ? ಮಾಡಿದ್ರೆ ಮನೆಗ್ ಕರ್ಕೊಂಬನ್ನಿ, ಕಾಲ್ಮುಟ್ತೀನಿ."

ಸಂಜೆ ಮೇಷ್ಟ್ರ ಕೋಣೆಯಲ್ಲೇ ಪರೀಕ್ಷೆ, ಅವರದೇ ವಿದ್ಯಾರ್ಥಿನಿಯ ಜೊತೆ. ಅವಧಿ ಹತ್ತು ನಿಮಿಷ. ಪರೀಕ್ಷೆಯೆಂದು ಅವಳಿಗೆ ಹೇಳುವಂತಿಲ್ಲ. ಮೇಡಮ್ಮು ಯಾರೋ ಅತಿಥಿಯಂತೆ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತರು.

ಹುಡುಗಿ ಮೂರನೇ ಅಧ್ಯಾಯ ಮುಂದಿಟ್ಟಳು. ಎರಡನೇ ಪುಟದಲ್ಲೇ ನಕ್ಷೆ ತಲೆಕೆಳಗಾಗಿತ್ತು. ಮೇಷ್ಟ್ರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. ಉಕ್ಕುವ ಹಾಲಿನ ಮೇಲೆ ತಟ್ಟೆ ಮುಚ್ಚಿದಂತಿತ್ತು ಮುಖ.

"ತಪ್ಪಿದ್ಯಾ ಸರ್?"

"ನಿನಗೇನನ್ಸುತ್ತೆ?"

ಅವಳು ಬೆಚ್ಚಿಬಿದ್ದಳು. "ಎಲ್ಲಾ ಹೊಸದಾಗಿ ಬರೀಬೇಕಾ?"

"ನಿನಗೇನನ್ಸುತ್ತೆ?"

ಹುಡುಗಿಯ ಕಣ್ಣು ತುಂಬಿತು. ಚೀಲದಿಂದ ಅರ್ಜಿ ತೆಗೆದಳು. "ಸರ್, ನಾನ್ ಇಲ್ಲೇ ಇರ್ಲಾ, ಹೋಗ್ಬಿಡ್ಲಾ?"

'ಹೋಗ್ಬೇಡ ತಾಯಿ' ಎಂಬ ಮಾತು ಗಂಟಲಿಗೆ ಬಂದು ನಿಂತಿತು. ಮೂಲೆಯಲ್ಲಿ ಅಂಕ ಹಾಕಲು ಮೇಡಮ್ಮಿನ ಪೆನ್ನು ಮೇಲೆದ್ದಿತು. ಇನ್ನೂ ಅರ್ಧ ನಿಮಿಷ ಬಾಕಿ.

"ನಿನಗೇನನ್ಸುತ್ತೆ?" ಎಂದರು ಮೇಷ್ಟ್ರು, ಅಳುವ ದನಿಯಲ್ಲಿ.

ಅವಳು ಅರ್ಜಿಗೆ ಸಹಿ ಹಾಕಿದಳು. "ಇದನ್ನ ನಿಮ್ಮೆದುರೇ ಹರಿದಾಕೋಣ ಅಂತ ಬಂದಿದ್ದೆ ಸರ್. ಬೈತಿದ್ರಿ, ನಿಜ. ಆದ್ರೆ ಒಂದಕ್ಷರ ಬಿಡ್ದೆ ಓದಿ ಬೈತಿದ್ರಿ. ಇವತ್ತು ಬೈಯೋದನ್ನೂ ಬಿಟ್ರಿ. ಅಂದ್ಮೇಲೆ ನನ್ ಕೈಬಿಟ್ಟ ಹಾಗೇ ಅಲ್ವಾ?"

ಬಾಗಿಲು ಮುಚ್ಚಿತು.

ಮೇಡಮ್ಮು ಎದ್ದು ಬಂದು ಕೈ ಕುಲುಕಿದರು. "ಹತ್ತಕ್ಕೆ ಹತ್ತು ಸರ್! ಇಡೀ ತಂಡದಲ್ಲಿ ನೀವೊಬ್ರೇ! ಪ್ರಮಾಣಪತ್ರ ಈಗ್ಲೇ ಬರ್ಕೊಡ್ತೀನಿ. ನಿಮ್ಮ ಕೈಕೆಳಗೆ ಎಷ್ಟು ಜನ ಸಂಶೋಧಕರು ಅಂತ ಹಾಕ್ಲಿ?"

ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಹುಡುಗಿ ಅರ್ಜಿ ಹಿಡಿದು ಅಂಗಳ ದಾಟಿ ಕಚೇರಿಯತ್ತ ಬಿರಬಿರನೆ ನಡೆಯುತ್ತಿದ್ದಳು.

"ಬೇಗ ಬರೀರಿ ಮೇಡಂ. ಅವಳು ಆ ಬಾಗಿಲು ಮುಟ್ಟೋವರೆಗೂ ಒಬ್ಳಿದಾಳೆ."