ಕಮಾನಿಗೆ ಕೊಬ್ಬರಿ ಎಣ್ಣೆ

ಯಾರಾದರೂ ಮಾತನ್ನು ಉದ್ದಕ್ಕೆ ಎಳೆದರೆ "ಸಾಕು ಮಾರಾಯ, ಪಿಟೀಲು ಕುಯ್ಯಬೇಡ" ಎನ್ನುವುದು ನಮ್ಮಲ್ಲಿ ರೂಢಿ. ಈ ಮಾತನ್ನು ಮೊದಲು ಆಡಿದವನ ಮನೆಯಲ್ಲಿ ಯಾವುದೋ ಮಗು ಆಗತಾನೆ ಪಿಟೀಲು ಕಲಿಯಲು ಶುರುಮಾಡಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇಲ್ಲದಿದ್ದರೆ ವೀಣೆ, ಕೊಳಲು, ಮೃದಂಗಗಳನ್ನೆಲ್ಲ ಬಿಟ್ಟು ಈ ಒಂದು ವಾದ್ಯಕ್ಕೇ 'ಕುಯ್ಯುವುದು' ಯಾಕೆ ಅಂಟಿಕೊಳ್ಳಬೇಕು? ನನ್ನ ಮಗಳು ಸಿಂಚನ ಪಿಟೀಲು ಹಿಡಿದ ಮೊದಲ ಸಂಜೆಯೇ ನನಗೆ ಆ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯಿತು. ಪಕ್ಕದ ಮನೆಯ ನಾಯಿಗೂ ತಿಳಿಯಿತು. ಆದರೆ ಈಗ ಅದೇ ಕುಯ್ತವನ್ನು ಕೇಳಬೇಕೆಂಬ ಆಸೆಗೆ ನಾನು ನನ್ನ ಸ್ವಂತ ಮನೆಯ ಗೇಟಿನ ಹೊರಗೆ ಕಳ್ಳನ ಹಾಗೆ ನಿಲ್ಲುವ ಗತಿ ಬಂದಿದೆ. ಅದು ಹೇಗೆ ಬಂತು ಎಂಬುದನ್ನು ಹೇಳುತ್ತೇನೆ. ನಾನೂ ಕುಯ್ಯುತ್ತಿದ್ದೇನೆ ಅನ್ನಿಸಿದರೆ ದಯವಿಟ್ಟು ಪುಟ ಮಗುಚಿ.

ನಮ್ಮ ಮನೆ ಇರುವುದು ಅಜ್ಜಂಪುರದಲ್ಲಿ. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ, ಯಾವ ಊರಿನದು ಎಂದು ಹೇಳುವುದಿಲ್ಲ, ನನಗಿನ್ನೂ ನೌಕರಿ ಬೇಕು. ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆ ಅಂದುಕೊಂಡರೆ ಸಾಕು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಆಡುವ ಮಾತು ಹೆಚ್ಚುಕಡಿಮೆ ಒಂದೇ. ಖಾತೆ ಬದಲಾಗಬೇಕು ಎಂದು ಬಂದವರು, ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಬಂದವರು, ಯಾಕೆ ಬಂದೆವೆಂದು ತಮಗೇ ಮರೆತುಹೋದವರು, ಎಲ್ಲರಿಗೂ ನಾನು ಕಂಪ್ಯೂಟರಿನಿಂದ ತಲೆ ಎತ್ತದೆ "ಇನ್ನೊಂದ್ಸಲ ಬನ್ನಿ" ಅನ್ನುತ್ತೇನೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಸಾಹೇಬರಿದ್ದ ದಿನ ಸರ್ವರ್ ಇರುವುದಿಲ್ಲ, ಸರ್ವರ್ ಇದ್ದ ದಿನ ಸಾಹೇಬರಿರುವುದಿಲ್ಲ, ಇಬ್ಬರೂ ಒಟ್ಟಿಗೆ ಬಂದ ದಿನ ಕರೆಂಟು ಹೋಗುತ್ತದೆ. ವರ್ಷಗಟ್ಟಲೆ ಹೇಳಿ ಹೇಳಿ ಈ ಮಾತು ಈಗ ನನ್ನ ಅನುಮತಿ ಕೇಳದೆಯೇ ಬಾಯಿಂದ ಹೊರಗೆ ಬರುತ್ತದೆ. ಒಮ್ಮೆ ಮದುವೆಮನೆಯಲ್ಲಿ ಪಾಯಸದ ಬಕೆಟ್ ಹಿಡಿದು ಬಂದವನಿಗೂ ಹಾಗೇ ಅಂದುಬಿಟ್ಟೆ. ಪಾಪ, ಅವನು ಆಗಲಿ ಎಂದು ಹೋದವನು ಮತ್ತೆ ಬರಲೇ ಇಲ್ಲ.

ಸಿಂಚನಳ ಶಾಲೆಯ ವಾರ್ಷಿಕೋತ್ಸವಕ್ಕೆ ತರೀಕೆರೆಯಿಂದ ಒಬ್ಬ ಪಿಟೀಲು ಮೇಷ್ಟ್ರು ಬಂದಿದ್ದರು. ಅವರು ನುಡಿಸಿದ್ದನ್ನು ಕೇಳಿ ಬಂದವಳು ಅನ್ನ ಕಲಸಿಕೊಂಡವಳೇ ಊಟ ಮರೆತು, "ನಂಗೂ ಅದು ಬೇಕು" ಅಂದಳು. ನಮ್ಮನೆಯವಳು ಒಪ್ಪಿದಳು, ನಾನು ಒಪ್ಪಿದಂತೆ ಮಾಡಿದೆ. ಶನಿವಾರ ಮಧ್ಯಾಹ್ನ ತರೀಕೆರೆ ಬಸ್ಸು, ಮೇಷ್ಟ್ರ ಮನೆಯ ನಡುಮನೆಯಲ್ಲಿ ಪಾಠ, ಮಿಕ್ಕ ದಿನ ಸಂಜೆ ಮನೆಯಲ್ಲಿ ಅಭ್ಯಾಸ ಎಂದು ಗೊತ್ತಾಯಿತು. ಮುಂದೆ ದೊಡ್ಡವಳಾಗಿ ಇವಳು ಕಚೇರಿ ಮಾಡುತ್ತಾಳೆ ಎಂದು ನಮ್ಮನೆಯವಳು ಹೆಮ್ಮೆಯಿಂದ ಹೇಳಿದ್ದು ಒಳಗಿದ್ದ ನಮ್ಮಮ್ಮನ ಕಿವಿಗೆ ಬಿತ್ತು. ಅಮ್ಮನಿಗೆ ಗೊತ್ತಿರುವ ಕಚೇರಿ ಒಂದೇ. ಮೊಮ್ಮಗಳನ್ನು ಹತ್ತಿರ ಕರೆದು, "ಮಾಡವ್ವ, ಕಚೇರಿ ಮಾಡು. ಆದ್ರೆ ನಿಮ್ಮಪ್ಪನ ಥರ ಜನಾನ ಓಡಾಡಿಸ್ಬೇಡ ಕಣೇ" ಅಂದರು.

ಮೊದಲ ಪಾಠದ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ದಿನಾ ಮಗು ಜೊತೆ ಒಂದಿಷ್ಟೊತ್ತು ಕೂತ್ಕೊಳ್ಳಿ. ನಿಮಗೆ ಸಂಗೀತ ಬರ್ಬೇಕು ಅಂತೇನಿಲ್ಲ ಕಣ್ರೀ, ಕೇಳಿಸ್ಕೊಂಡ್ರೆ ಸಾಕು" ಎಂದಿದ್ದರು. ಅದರಲ್ಲಿ 'ಕೂತ್ಕೊಳ್ಳಿ' ಎಂಬ ಭಾಗವನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ. ಸಂಜೆ ದೀಪ ಹಚ್ಚಿದ ಮೇಲೆ ಸಿಂಚನ ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡು, ನಾಲಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಮಾನು ಎಳೆಯುವಳು. ನಾನು ದಿವಾನದ ಮೇಲೆ ಕೂತು ಫೋನು ತೆಗೆಯುವೆನು. ಸರಳೆ ವರಸೆ ಮುಗಿದು ಸದ್ದು ನಿಂತಾಗ ನನಗೆ ಗೊತ್ತಾಗುತ್ತಿತ್ತು. ಆಗ ಕಣ್ಣು ಫೋನಿನಲ್ಲೇ ಇಟ್ಟು "ಇನ್ನೊಂದ್ಸಲ" ಅನ್ನುತ್ತಿದ್ದೆ. ಅವಳು ಇನ್ನೊಂದು ಸಲ ನುಡಿಸುತ್ತಿದ್ದಳು. ಮತ್ತೆ ಸದ್ದು ನಿಂತರೆ ಮತ್ತೆ "ಇನ್ನೊಂದ್ಸಲ." ಮಗಳ ಸಂಗೀತ ಶಿಕ್ಷಣಕ್ಕೆ ನಾನು ಕೊಟ್ಟ ಕಾಣಿಕೆ ಇದು. ಬೇರೆಯವರ ಮುಂದೆ ಮಾತ್ರ "ನಾನೇ ದಿನಾ ಕೂತ್ಕೊಂಡು ಪ್ರಾಕ್ಟೀಸ್ ಮಾಡಿಸ್ತೀನಿ" ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಹಾಗೆ ನೋಡಿದರೆ ಅದು ಕೆಟ್ಟ ಮಾತೇನಲ್ಲ. ನಾನು ಹುಡುಗನಾಗಿದ್ದಾಗ ಊರಲ್ಲಿ ನಾಟಕ ಆಡುತ್ತಿದ್ದರು. ಹಾಡು ಚೆನ್ನಾಗಿ ಬಂದರೆ ನಾವೆಲ್ಲ ಎದ್ದು ನಿಂತು "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗುತ್ತಿದ್ದೆವು. ಒಮ್ಮೆ ರಾಜನ ಪಾತ್ರದವನು ಹಾಡು ಮುಗಿಸಿ ಒಳಗೆ ಹೋಗಿ ಮೀಸೆ ಕಿತ್ತಿಟ್ಟು ಬೀಡಿ ಹಚ್ಚಿದ್ದವನು, ನಮ್ಮ ಕೂಗಿಗೆ ಸೋತು ಮೀಸೆಯಿಲ್ಲದೆಯೇ ಬಂದು ಮತ್ತೆ ಹಾಡಿದ. ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಒಂದೇ ಮಾತು ಒಬ್ಬನಿಗೆ ಬಹುಮಾನ, ಇನ್ನೊಬ್ಬರಿಗೆ ಬೇರೆ ಏನೋ ಆಗಬಹುದು ಎಂದು ದಿವಾನದ ಮೇಲೆ ಕೂತವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು, ಒಂದು ಭಾನುವಾರ ತಮ್ಮ ಮನೆಯಲ್ಲೇ ಮಕ್ಕಳೆಲ್ಲ ಅಪ್ಪ ಅಮ್ಮಂದಿರ ಮುಂದೆ ನುಡಿಸಬೇಕೆಂದು ಗೊತ್ತುಮಾಡಿದರು. ಸಿಂಚನ ಒಂದು ಗೀತೆ ನುಡಿಸುವುದೆಂದಾಯಿತು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಅಲ್ವೋ, ಅದ್ಯಾಕೆ ಮಗು ಪಿಟೀಲು ಅಂಗೆ ಕಿರುಚ್ಕೊಳ್ತದೆ?" ಎಂದು ಕೇಳಿದರು. ತಿಳಿಯದು ಎಂದು ಹೇಳಿದರೆ ಮನೆಯ ಯಜಮಾನನ ಮರ್ಯಾದೆ ಏನಾಗಬೇಕು? ನಾನು ಮೊಸರನ್ನ ಕಲಸುತ್ತಾ, "ಆ ಕಮಾನಿಗೆ ಕಟ್ಟಿರೋದು ಕುದುರೆ ಬಾಲದ ಕೂದಲು ಕಣಮ್ಮ. ಒಣಗಿಹೋಗಿದೆ, ಅದಕ್ಕೇ ಕಿರುಚುತ್ತೆ" ಎಂದೆ. ಅಮ್ಮ "ಹೌದಾ" ಎಂದು ಸುಮ್ಮನಾದರು. ಅವರು ಸುಮ್ಮನಾದಾಗಲೇ ನಾನು ಹೆದರಬೇಕಿತ್ತು.

ಅಮ್ಮನಿಗೆ ಕೊಬ್ಬರಿ ಎಣ್ಣೆಯ ಮೇಲಿರುವ ನಂಬಿಕೆ ಡಾಕ್ಟರ ಮೇಲೂ ಇಲ್ಲ. ನಮ್ಮದೇ ತೋಟದ ಕಾಯಿ, ಒಣಗಿಸಿ ಕೊಬ್ಬರಿ ಮಾಡಿ, ಗಾಣಕ್ಕೆ ಹಾಕಿಸಿ ತಂದ ಎಣ್ಣೆ. ಕೀಲುನೋವಿಗೆ ಅದು, ಬಾಗಿಲು ಕಿರುಗುಟ್ಟಿದರೆ ಅದು, ಮಗು ನಿದ್ದೆ ಮಾಡದಿದ್ದರೆ ನೆತ್ತಿಗೆ ಅದು. ಭಾನುವಾರ ಬೆಳಗ್ಗೆ ಸಿಂಚನಳ ತಲೆಗೆ ಎಣ್ಣೆ ಒತ್ತಿ ಬಚ್ಚಲಿಗೆ ಕಳಿಸಿದರು. ಅಂಗೈಯಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಎದುರಿಗೆ ಪಿಟೀಲಿನ ಪೆಟ್ಟಿಗೆ ತೆರೆದಿತ್ತು. ಕಮಾನಿನ ಕೂದಲು ಎಣ್ಣೆ ಕಾಣದೆ ಬಿಳಚಿಕೊಂಡಿದ್ದುದು ಮಾತ್ರವಲ್ಲ, ಅದರ ಮೇಲೆಲ್ಲ ಬೆಳ್ಳಗೆ ಪುಡಿ ಬೇರೆ ಉದುರುತ್ತಿತ್ತು. ಅದು ಕಮಾನಿಗೆ ತಂತಿಯ ಮೇಲೆ ಹಿಡಿತ ಸಿಗಲೆಂದು ಮೇಷ್ಟ್ರು ತಿಕ್ಕಿಸಿದ್ದ ರಾಳದ ಪುಡಿ. ಅದಿಲ್ಲದಿದ್ದರೆ ಪಿಟೀಲಿಗೆ ಸ್ವರವೇ ಇಲ್ಲ. ಅಮ್ಮನಿಗೆ ಕಂಡದ್ದು ತಲೆಹೊಟ್ಟು. ಒಣಗಿದ ಕೂದಲು, ಅದರಲ್ಲಿ ಹೊಟ್ಟು, ಕೈಯಲ್ಲಿ ಎಣ್ಣೆ! ಅವರು ಒಂದೂ ಕೂದಲು ಬಿಡದೆ ಬುಡದಿಂದ ತುದಿಯವರೆಗೆ ನೀವಿ ನೀವಿ ಹಚ್ಚಿ, ಉಳಿದ ಹೊಟ್ಟನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆ ಮುಚ್ಚಿದರು.

ತರೀಕೆರೆಯಲ್ಲಿ ಮೇಷ್ಟ್ರ ನಡುಮನೆ ತುಂಬಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ, ನಾವಿಬ್ಬರು ಅವರ ಹಿಂದೆ ಕೂತಿದ್ದೆವು. ಸಿಂಚನ ಜಮಖಾನದ ಮೇಲೆ ಕೂತು, ನಮಸ್ಕಾರ ಮಾಡಿ, ಕಮಾನು ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಕಮಾನು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತೇ ಹೊರತು ತಂತಿ ಕಮಕ್ ಕಿಮಕ್ ಅನ್ನಲಿಲ್ಲ. ಹಿಂದೆ ಯಾರೋ ಮಕ್ಕಳು ಕಿಸಕ್ಕೆಂದರು. ಮೇಷ್ಟ್ರು ಎದ್ದು ಬಂದು ಕಮಾನು ತೆಗೆದುಕೊಂಡು ಮುಟ್ಟಿದರು, ಬೆರಳು ಮೂಸಿದರು. "ಇದೇನಮ್ಮಾ ಇದು, ಕೊಬ್ಬರಿ ಎಣ್ಣೆ? ಯಾರು ಹಚ್ಚಿದ್ದು?"

ಸಿಂಚನ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೊಮ್ಮಗಳ ಪಿಟೀಲು ಕಿರುಚುವುದು ನಿಂತಿತಲ್ಲ ಎಂಬ ಸಂತೋಷದಲ್ಲಿ ಮೇಷ್ಟ್ರ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಕೂತಿದ್ದರು. ಮಗು ತಲೆ ತಗ್ಗಿಸಿ, "ನಾನೇ ಸಾರ್" ಅಂದಳು. ಹಿಂದಿನ ರಾತ್ರಿ ಮೊಸರನ್ನ ಕಲಸುತ್ತಾ ನಾನು ಆಡಿದ ಮಾತು ನೆನಪಾಯಿತು. ಎದ್ದು ನಿಂತು "ಇಲ್ಲ ಸಾರ್, ಇದಕ್ಕೆಲ್ಲ ನಾನೇ ಕಾರಣ" ಎನ್ನಬೇಕಿತ್ತು. ಆದರೆ ಅಷ್ಟು ಜನರ ಮುಂದೆ ಏಳದೆ, ಫೋನು ತೆಗೆದು ಅದನ್ನೇ ನೋಡುತ್ತಾ ಕೂತೆ.

ಒಳ್ಳೆಯ ಮೇಷ್ಟ್ರು, ಬೈಯಲಿಲ್ಲ. ತಂತಿಯನ್ನು ಚೆನ್ನಾಗಿ ಒರೆಸಿ ತಮ್ಮ ಕಮಾನನ್ನೇ ಕೊಟ್ಟು, "ನುಡಿಸಮ್ಮ, ಹೆದರಬೇಡ" ಎಂದರು. ಅವಳು ನುಡಿಸಿದಳು. ಹೇಗೆ ನುಡಿಸಿದಳು ಎಂದು ನಿಮಗೆ ಹೇಳಬೇಕೆಂದು ನನಗೆ ಬಹಳ ಆಸೆ. ಆದರೆ ನನಗೆ ಗೊತ್ತಿಲ್ಲ. ನಾನು ಫೋನು ಎತ್ತಿ ಹಿಡಿದು, ಮುಂದೆ ಕೂತವರ ತಲೆ ಅಡ್ಡ ಬರದಂತೆ ವಿಡಿಯೋ ಮಾಡುವುದರಲ್ಲಿ ಮುಳುಗಿದ್ದೆ. ಚಪ್ಪಾಳೆ ಬಿತ್ತು. ನಮ್ಮನೆಯವಳು ಕಣ್ಣು ಒರೆಸಿಕೊಂಡಳು. ಸಿಂಚನ ಕಮಾನು ಕೆಳಗಿಟ್ಟು ನೇರವಾಗಿ ನನ್ನ ಕಡೆ ನೋಡಿದಳು. ಅವಳ ಮುಖ ಅರಳಿತ್ತು. ಅದೇ ಹೊತ್ತಿಗೆ ನಾನು ಫೋನು ನೋಡಿದೆ. ಕೆಂಪು ಗುಂಡಿ ಒತ್ತಿಯೇ ಇರಲಿಲ್ಲ.

"ಇನ್ನೊಂದ್ಸಲ" ಎಂದೆ.

ಆ ಮುಖ ಮುದುಡಿಕೊಂಡಿದ್ದನ್ನು ನಾನು ವಿಡಿಯೋ ಮಾಡದಿದ್ದರೂ ಅದು ನನ್ನೊಳಗೆ ಹಾಗೇ ಉಳಿದುಬಿಟ್ಟಿದೆ. ಅವಳು ಮತ್ತೆ ನುಡಿಸಲಿಲ್ಲ. ಎದ್ದು ಬಂದು ಅಜ್ಜಿಯ ಪಕ್ಕ ಕೂತಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಸಿಂಚನ, ಅಮೃತಾಪುರದ ಕಡೆಯ ಜನ ಇಳಿದು ಸ್ವಲ್ಪ ಸದ್ದು ಕಮ್ಮಿಯಾದ ಮೇಲೆ ಕೇಳಿದಳು. "ಅಪ್ಪಾ, ಎಲ್ಲಿ ತಪ್ಪಾಯ್ತು?"

"ತಪ್ಪೆಲ್ಲಿ ಆಯ್ತು ಪುಟ್ಟಿ? ತುಂಬಾ ಚೆನ್ನಾಗಿತ್ತು."

"ಮತ್ತೆ ಇನ್ನೊಂದ್ಸಲ ಅಂದೆ?"

"ಅದು ವಿಡಿಯೋ ಆಗ್ಲಿಲ್ಲ ಅಂತ ಅಂದೆ ಕಣೇ."

"ದಿನಾ ಮನೇಲಿ ಅಂತೀಯಲ್ಲ, ಅದು?"

ಕಚೇರಿಯಲ್ಲಾಗಿದ್ದರೆ ಸರ್ವರ್ ಇಲ್ಲ ಎನ್ನಬಹುದಿತ್ತು. ಪ್ರತಿ ಸಲ ನಾನು ಹಾಗೆಂದಾಗಲೂ ಏನೋ ತಪ್ಪಾಯಿತು ಎಂದುಕೊಂಡು, ತಪ್ಪು ಎಲ್ಲಿ ಎಂದು ತಿಳಿಯದೆ, ಅವಳು ಮೊದಲಿನಿಂದ ನುಡಿಸುತ್ತಿದ್ದಳು. ಒಂದು ಸಂಜೆಯಾದರೂ "ಸರಿ, ಸಾಕು, ಚೆನ್ನಾಗಿ ಬಂತು" ಎಂದು ನಾನು ಹೇಳಿರಲಿಲ್ಲ. ಈಗ ಅಷ್ಟನ್ನೂ ಸೇರಿಸಿ ಹೇಳುವವನ ಹಾಗೆ, "ಎಲ್ಲಾ ಚೆನ್ನಾಗೇ ಇತ್ತು ಪುಟ್ಟಿ" ಎಂದೆ.

"ನೀನು ಕೇಳಿಸ್ಕೊಂಡೇ ಇಲ್ವಲ್ಲಪ್ಪ, ನಿಂಗ್ಹೆಂಗೆ ಗೊತ್ತು?" ಎಂದಳು. ಕೋಪದಿಂದಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ಕೋಪದಿಂದ ಕೇಳಿದ್ದರೆ ಗದರಿಸಿಯಾದರೂ ಪಾರಾಗುತ್ತಿದ್ದೆ.

ಎಣ್ಣೆಯ ಕಮಾನನ್ನು ಮೇಷ್ಟ್ರು ಶಿವಮೊಗ್ಗಕ್ಕೆ ಕಳಿಸಿ ಹೊಸ ಕೂದಲು ಹಾಕಿಸಿ ಕೊಟ್ಟರು. ಅಮ್ಮನಿಗೆ ವಿಷಯ ಗೊತ್ತಾಗಿ ಎರಡು ದಿನ ಊಟ ಸೇರಲಿಲ್ಲ. ಸಿಂಚನಳೇ ಕೂತು ಸಮಾಧಾನ ಮಾಡಿ, ಅಜ್ಜಿಯ ಕೈಗೆ ರಾಳದ ಬಿಲ್ಲೆ ಕೊಟ್ಟು ಕಮಾನಿಗೆ ತಿಕ್ಕುವುದನ್ನು ಹೇಳಿಕೊಟ್ಟಳು. ಈಗ ದಿನಾ ಹೊಟ್ಟು ಹಚ್ಚುವ ಕೆಲಸ ಅಮ್ಮನದೇ. ನುಡಿಸುವಾಗ ಎದುರಿಗೆ ಕೂರುವವರೂ ಅವರೇ. "ಚಂದಾಗೈತೆ ಕಣವ್ವ" ಎಂದು ತಪ್ಪಿಗೂ ಹೇಳುತ್ತಾರೆ, ಒಪ್ಪಿಗೂ ಹೇಳುತ್ತಾರೆ. ಆದರೆ ಪೂರ್ತಿ ಕೇಳಿದ ಮೇಲೆ ಹೇಳುತ್ತಾರೆ. ನನಗೆ ಮಾತ್ರ ಅಲ್ಲಿ ಜಾಗವಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಸಿಂಚನ ನಾನು ಬರುವುದರೊಳಗೆ ಅಭ್ಯಾಸ ಮುಗಿಸುತ್ತಾಳೆ. ಮುಗಿಯದಿದ್ದರೆ ನಮ್ಮ ಗೇಟು ಕಿರ್ರ್ ಎಂದ ಕೂಡಲೇ ನಿಲ್ಲಿಸುತ್ತಾಳೆ. "ನುಡಿಸು ಪುಟ್ಟಿ, ಫೋನು ಮುಟ್ಟಲ್ಲ" ಎಂದರೆ, "ನಾಳೆ ಅಪ್ಪಾ" ಎನ್ನುತ್ತಾಳೆ. ಎಷ್ಟಾದರೂ ನನ್ನ ಮಗಳು, ಜನರನ್ನು ಹೇಗೆ ವಾಪಸ್ಸು ಕಳಿಸಬೇಕೆಂದು ಅವಳಿಗೂ ಗೊತ್ತು. ನಾನು ಬಂದ ಮೇಲೆ ಸಂಜೆಯೆಲ್ಲ ಮನೆ ನಿಶ್ಶಬ್ದವಾಗಿರುತ್ತದೆ. ಹಿಂದೆ ಅದೇ ನಿಶ್ಶಬ್ದಕ್ಕೆ ನಾನು ಹಂಬಲಿಸುತ್ತಿದ್ದೆ.

ಕಡೆಗೆ ಒಂದು ಉಪಾಯ ಮಾಡಿದೆ. ಅಮ್ಮನ ಬಾಟಲಿಯಿಂದ ಒಂದಿಷ್ಟು ಕೊಬ್ಬರಿ ಎಣ್ಣೆ ತಂದು ಗೇಟಿನ ಕೀಲುಗಳಿಗೆ ಬಿಟ್ಟೆ. ಅಮ್ಮ ನೋಡಿ, "ಈಗ್ಲಾದ್ರೂ ಬುದ್ಧಿ ಬಂತಲ್ಲೋ" ಎಂದು ಸಂತೋಷಪಟ್ಟರು. ನಿನ್ನೆ ಬಸ್ಸು ಬೇಗ ಸಿಕ್ಕಿತು. ಮನೆ ಹತ್ತಿರ ಬರುವಾಗಲೇ ಪಿಟೀಲು ಕೇಳಿಸಿತು. ಎಣ್ಣೆಯನ್ನು ಪೂರ್ತಿ ನಂಬದೆ, ಗೇಟು ಮುಟ್ಟದೆಯೇ ಪಕ್ಕದ ದಾಸವಾಳದ ಗಿಡದ ಮರೆಯಲ್ಲಿ ನಿಂತೆ. ಎದುರುಮನೆಯವರು, "ಯಾಕ್ರೀ, ಹೊರಗೇ ನಿಂತ್ಬಿಟ್ರಿ? ಮನೇಲಿ ಏನಾದ್ರೂ ಗಲಾಟೆನಾ?" ಎಂದರು. ನಾನು ಫೋನು ಕಿವಿಗಿಟ್ಟುಕೊಂಡು ಯಾರೊಂದಿಗೋ ಮಾತಾಡುವವನಂತೆ ನಟಿಸಿದೆ. ಇಷ್ಟು ದಿನದಲ್ಲಿ ಆ ಫೋನು ಸಂಗೀತಕ್ಕೆ ಉಪಕಾರವಾಗಿದ್ದು ಅದೇ ಮೊದಲು.

ಅವಳು ಅದೇ ಗೀತೆ ನುಡಿಸುತ್ತಿದ್ದಳು. ನಡುವೆ ಸ್ವರ ಮೇಲೆ ಹತ್ತುವ ಒಂದು ಜಾಗ ಬಂತು. ಅಲ್ಲಿ ಅವಳು ತಡವರಿಸಿದಳು, ನಿಂತಳು, ಯಾರೂ ಏನೂ ಹೇಳದೆ ತಾನೇ ಹಿಂದಿನಿಂದ ತೆಗೆದುಕೊಂಡು ದಾಟಿಹೋದಳು. ಕುಯ್ತ ಅಲ್ಲಲ್ಲಿ ಇನ್ನೂ ಇತ್ತು. ಆದರೂ ನನಗೆ ಕಣ್ಣು ತುಂಬಿ ಬಂತು. ಇದೆಲ್ಲ ನನ್ನ ಕಾಲ ಬುಡದಲ್ಲೇ ಚಾಪೆಯ ಮೇಲೆ ದಿನಾ ನಡೆಯುತ್ತಿತ್ತಲ್ಲ! ಗೀತೆ ಮುಗಿಯಿತು. ನಾಟಕದ ಜನರ ನಡುವೆ ಎದ್ದು ನಿಂತ ಹಳೆಯ ಹುಡುಗನ ಹಾಗೆ ನನ್ನ ಬಾಯಿ ನನ್ನನ್ನು ಕೇಳದೆಯೇ ಕೂಗಿಬಿಟ್ಟಿತು.

"ಇನ್ನೊಂದ್ಸಲ!"

ಈ ಒಂದು ಸಲ ನಾನದನ್ನು ಮನಸಾರೆ ಹೇಳಿದ್ದೆ. ಒಳಗೆ ಎಲ್ಲ ನಿಂತುಹೋಯಿತು. "ಯಾರವ್ವ ಅದು?" ಎಂದು ಅಮ್ಮ ಕೇಳಿದ್ದು ಕೇಳಿಸಿತು.

"ಅಪ್ಪ ಕಣಜ್ಜಿ" ಎಂದಳು ಸಿಂಚನ. ಆಮೇಲೆ ಪಿಟೀಲಿನ ಪೆಟ್ಟಿಗೆಯ ಚಿಲಕಗಳು ಟಕ್ ಟಕ್ ಎಂದು ಮುಚ್ಚಿಕೊಂಡವು.

ಇನ್ನೇನು ಮಾಡುವುದು, ಗೇಟು ತಳ್ಳಿಕೊಂಡು ಒಳಗೆ ಹೋದೆ. ಅದು ಒಂದಿಷ್ಟೂ ಸದ್ದು ಮಾಡಲಿಲ್ಲ. ಎಣ್ಣೆ ಬಿದ್ದ ಮೇಲೆ ಅದಕ್ಕೂ ಬಾಯಿ ಮುಚ್ಚಿಕೊಂಡಿರುವುದು ಗೊತ್ತಾಗಿತ್ತು.