ಅಕ್ಕನ ಮಷೀನಿಗೆ ಬಂದ ಜ್ವರ

ಏನೂ ಗೊತ್ತಿಲ್ಲದವನಿಗೆ ಈ ಲೋಕದಲ್ಲಿ ಒಂದು ದೊಡ್ಡ ಸುಖವಿದೆ. ಕೆಟ್ಟ ವಸ್ತುವನ್ನು ಎರಡು ಸಲ ತಟ್ಟಿ ನೋಡಿ, "ನಂಗೊತ್ತಾಗಲ್ಲಪ್ಪ" ಎಂದು ಅವನು ಊಟಕ್ಕೆ ಕೂರಬಹುದು. ನನಗೆ ಆ ಭಾಗ್ಯವಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು ನಾನು. ಹೀಗಾಗಿ ಶಿಕಾರಿಪುರದ ನಮ್ಮ ಬೀದಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಒಮ್ಮೆ ಹಿರಿಯರೊಬ್ಬರ ಕಿವಿಯ ಮಷೀನು ಕೂಡ ನನ್ನ ಮೇಜಿನ ಮೇಲೆ ಬಂದು ಕೂತಿವೆ. "ನಿಮಗ್ ಗೊತ್ತಿರ್ತೈತಲ್ರೀ" ಎಂದು ತಂದಿಡುತ್ತಾರೆ. ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಈ ದುರಭ್ಯಾಸದಿಂದ ಕಳೆದ ಎರಡು ತಿಂಗಳಲ್ಲಿ ನನ್ನ ತಲೆಯ ಮೇಲೆ ಉಳಿದಿದ್ದ ಕೂದಲೂ ಅರ್ಧ ಹೋಯಿತು.

ಕಾರಣ, ಸೊರಬದಲ್ಲಿರುವ ನನ್ನ ಅಕ್ಕ ಗಿರಿಜಕ್ಕನ ಪಿನ್‌ಬಾಲ್ ಮಷೀನು. ನೋಡದವರಿಗೆ ಹೇಳುತ್ತೇನೆ. ಅದೊಂದು ಇಳಿಜಾರಾದ ಗಾಜಿನ ಮೇಜು, ಒಳಗೊಂದು ಉಕ್ಕಿನ ಗುಂಡು. ಪಕ್ಕದ ಗುಂಡಿಗಳನ್ನು ಒತ್ತಿದರೆ ಒಳಗೆ ಎರಡು ಪುಟ್ಟ ರೆಕ್ಕೆಗಳು ಎದ್ದು ಗುಂಡನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಅದು ಕಂಡಕಂಡಲ್ಲಿ ಬಡಿದು, ಗಂಟೆ ಬಾರಿಸಿ, ದೀಪ ಹತ್ತಿಸಿ ಅಂಕ ತರುತ್ತದೆ. ಮೇಜಿನ ತಲೆಯ ಕಡೆ ಒಂದು ಪೆಟ್ಟಿಗೆ ನಿಂತಿರುತ್ತದೆ. ಅದರ ಮುಂದುಗಡೆ ಅಂಕ ಕಾಣುತ್ತದೆ, ಒಳಗಡೆ ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಬೋರ್ಡು ಇರುತ್ತದೆ. ಸೊರಬದಲ್ಲಿ ಬೇಕರಿ ಇಟ್ಟಿದ್ದ ನಮ್ಮ ಭಾವ, ಹಿಟ್ಟು ನಾದುವ ಯಂತ್ರ ತರುತ್ತೇನೆಂದು ಘಟ್ಟದ ಕೆಳಗೆ ಹೋದವರು, ಅಲ್ಲಿ ಯಾವುದೋ ಕ್ಲಬ್ಬು ಮುಚ್ಚುತ್ತಿರುವುದನ್ನು ಕಂಡು ಇದನ್ನು ಹೇರಿಕೊಂಡು ಬಂದರು. ಅಕ್ಕ ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೈಗೆ ಮೆತ್ತಿದ ಮೈದಾ ಒರೆಸಿಕೊಂಡು ಒಂದು ಆಟ ಆಡಿದಳು. ಆಮೇಲೆ ಅವಳನ್ನು ಸೋಲಿಸುವವರು ಸೊರಬದಲ್ಲಿ ಯಾರೂ ಸಿಗಲಿಲ್ಲ. ಅವಳು ಗಳಿಸಿದ ಅತಿ ಹೆಚ್ಚಿನ ಅಂಕವನ್ನು ಭಾವ ಮಷೀನಿನ ಪಕ್ಕಕ್ಕೆ ಕೆಂಪು ಬಣ್ಣದಲ್ಲಿ ಬರೆದಿಟ್ಟರು. ಅಂಕ ಇನ್ನೂ ಇದೆ, ಭಾವ ಇಲ್ಲ. ಬೇಕರಿ ಬೇರೆಯವರ ಕೈಗೆ ಹೋಗಿ, ಮಷೀನು ಕೆಟ್ಟು, ಅಕ್ಕನ ಹಜಾರದಲ್ಲಿ ಒಗೆದ ಬಟ್ಟೆ ಮಡಚಿಡುವ ಜಾಗವಾಗಿತ್ತು.

"ನಾಗೂ, ಇದನ್ನ ಸರಿ ಮಾಡ್ತೀಯೇನೋ? ಇನ್ನೊಂದ್ಸಲ ಆಡ್ಬೇಕು ಅನ್ನಿಸ್ತಾ ಅದೆ. ಆಗಲ್ಲ ಅಂದ್ರೆ ಹೇಳು ಮಾರಾಯ, ಗುಜರಿಯವ ದಿನಾ ಬಂದು ಕೇಳ್ತಾನೆ, ಕೊಟ್ಟು ಕೈ ತೊಳ್ಕಳ್ತೆ" ಎಂದಳು ಅಕ್ಕ. ಅವಳಿಗೆ ಆಗಲ್ಲ ಎನ್ನುವುದು ನನ್ನಿಂದ ಸಾಧ್ಯವಿರಲಿಲ್ಲ. ಅದಕ್ಕೊಂದು ಹಳೆಯ ಕಾರಣವಿದೆ. ಹೆಂಡತಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ನನಗೆ ಎಂಟು ವರ್ಷವಿದ್ದಾಗ ನಮ್ಮ ಮನೆಯಲ್ಲಿ ಅಪ್ಪನ ಪ್ರಾಣವಾದ ಒಂದು ವಾಲ್ವ್ ರೇಡಿಯೋ ಇತ್ತು. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. "ತಡಿ, ಅದು ಬಿಸಿ ಆಗ್ಬೇಕು" ಎನ್ನುತ್ತಿದ್ದರು ಅಪ್ಪ. ಒಂದು ಚಳಿಗಾಲದ ಬೆಳಿಗ್ಗೆ, ಪಾಪ ಬೇಗ ಬಿಸಿಯಾಗಲಿ ಎಂದು ಸ್ವಿಚ್ ಹಾಕಿ, ರೇಡಿಯೋಕ್ಕೆ ಕಂಬಳಿ ಹೊದಿಸಿ, ನಾನು ಗೋಲಿ ಆಡಲು ಹೋದೆ. ಅಪ್ಪ ಬಂದಾಗ ಕಂಬಳಿಯಿಂದ ಹೊಗೆ ಏಳುತ್ತಿತ್ತು. "ಯಾರು ಮಾಡಿದ್ದು ಇದು?" ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹನ್ನೆರಡು ವರ್ಷದ ಗಿರಿಜಕ್ಕ, "ನಾನೇ ಅಪ್ಪಾ" ಎಂದಳು. ಅವಳ ಬೆನ್ನಿಗೆ ಬಿದ್ದ ಎರಡು ಏಟಿನ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಆಮೇಲೆ ಎಷ್ಟೋ ವರ್ಷ ಅವಳು ನನ್ನ ಮುಂದೆ ಆ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಮಷೀನು ಲಗೇಜ್ ಆಟೋದಲ್ಲಿ ಶಿಕಾರಿಪುರಕ್ಕೆ ಬಂತು. ಪೆಟ್ಟಿಗೆಯ ಹಿಂದಿನ ಬಾಗಿಲು ತೆಗೆದರೆ ಬೋರ್ಡಿನ ಮೇಲೆ ಒಂದು ಹಲ್ಲಿ ಅಡ್ಡಲಾಗಿ ಬಿದ್ದು ಸತ್ತು, ಒಣಗಿ ಹಪ್ಪಳವಾಗಿತ್ತು. ನನಗೆ ಬಹಳ ಸಂತೋಷವಾಯಿತು. ರೋಗಿಯ ಪಕ್ಕದಲ್ಲೇ ರೋಗ ಸಿಕ್ಕಿಬಿದ್ದರೆ ಯಾವ ವೈದ್ಯನಿಗೆ ಸಂತೋಷವಾಗುವುದಿಲ್ಲ? ಹಲ್ಲಿಯನ್ನು ಎತ್ತಿ ಹಾಕಿ, ಸುಟ್ಟಿದ್ದ ಭಾಗಗಳನ್ನು ಬದಲಿಸಿ, ಸಡಿಲವಾದ ಕಡೆಯೆಲ್ಲ ಸೋಲ್ಡರ್ ಮಾಡಿದೆ. ನಾಲ್ಕನೆಯ ದಿನ ದೀಪಗಳು ಹತ್ತಿದವು, ಗಂಟೆ ಹೊಡೆಯಿತು. ಅಲ್ಲಿಗೇ ಕೈ ಮುಗಿದು ಎದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಎಕ್ಸ್‌ಚೇಂಜಿನಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠವೇ ತೂತು ಕಂಡರೆ ಮುಚ್ಚು ಎಂಬುದು. ಇಲಿಯಾಗಲಿ, ಹಲ್ಲಿಯಾಗಲಿ, ಜಿರಲೆಯಾಗಲಿ ಒಳಗೆ ಸುಳಿಯಬಾರದು. ನಾನು ಅಂಗಡಿಯಿಂದ ಪುಟ್ಟಿ ತಂದು, ಕಲಸಲು ಸಮತಟ್ಟಾದ ಜಾಗ ಬೇಕೆಂದು ಅಡುಗೆಮನೆಯ ಚಪಾತಿ ಮಣೆ ತೆಗೆದುಕೊಂಡು, ಪೆಟ್ಟಿಗೆಯ ಹಿಂದಿನ ಸಾಲು ತೂತು, ಮೇಲಿನ ಸಂದು, ಕೆಳಗಿನ ಬಿರುಕು, ಒಂದನ್ನೂ ಬಿಡದೆ ಮುಚ್ಚಿದೆ. ಮೇಲೆ ಕಪ್ಪು ಬಣ್ಣ ಬಳಿದೆ. ಮುಚ್ಚಿದ್ದು ನನಗೇ ಗೊತ್ತಾಗದಷ್ಟು ಚೊಕ್ಕವಾಗಿತ್ತು ಕೆಲಸ. ಮಣೆಯ ಮೇಲಿನ ಪುಟ್ಟಿ ಮಾತ್ರ ಎಷ್ಟು ಕೆರೆದರೂ ಬಿಡಲಿಲ್ಲ. ಹೆಂಡತಿ ಮಂಗಳಾ, "ಮೂವತ್ತು ವರ್ಷದ ಮಣೆ ರೀ ಇದು" ಎಂದು ಹೇಳಿ ಎರಡು ದಿನ ಚಪಾತಿಯನ್ನೇ ಮಾಡಲಿಲ್ಲ.

ಮೂರನೆಯ ದಿನದಿಂದ ಮಷೀನಿಗೆ ಜ್ವರ ಶುರುವಾಯಿತು. ಹತ್ತು ನಿಮಿಷ ಆಡುವಷ್ಟರಲ್ಲಿ ಸುಟ್ಟ ವಾಸನೆ. ಗಾಬರಿಯಿಂದ ಬಾಗಿಲು ತೆಗೆದು ಬೋರ್ಡು ಮುಟ್ಟಿದರೆ ಬೆರಳು ಚುರ್ರೆನ್ನುತ್ತಿತ್ತು. ಸರಿ, ಬಾಗಿಲು ತೆಗೆದೇ ಮುಂದೆ ಕೂತು ಕಾಯ್ದೆ. ಒಂದು ಗಂಟೆಯಾದರೂ ಏನೂ ಇಲ್ಲ. ಮುಚ್ಚಿದರೆ ಹತ್ತೇ ನಿಮಿಷದಲ್ಲಿ ವಾಸನೆ. ನಾನು ಎದುರು ಕೂತಾಗ ಒಳ್ಳೆಯ ಹುಡುಗನಂತೆ ಇದ್ದು, ಬೆನ್ನು ತಿರುಗಿಸಿದ ಕೂಡಲೇ ಹಟ ಮಾಡುವ ಮಗುವಿನ ಹಾಗೆ ಅದು ನನ್ನನ್ನು ಗೋಳು ಹೊಯ್ದುಕೊಂಡಿತು. ಬಾಗಿಲು ಯಾವುದಾದರೂ ತಂತಿಯನ್ನು ಒತ್ತುತ್ತಿದೆಯೇ ಎಂದು ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಅಂಗಡಿಯವನು ನಕಲಿ ಸಾಮಾನು ಕೊಟ್ಟಿದ್ದಾನೆಂದು ಅವನ ಹತ್ತಿರ ಜಗಳಕ್ಕೆ ಹೋಗಿ, ಅವನು ಕೊಟ್ಟ ಬೇರೆ ಸಾಮಾನು ಹಾಕಿ, ಅದನ್ನೂ ಸುಟ್ಟೆ. ವೋಲ್ಟೇಜಿನ ಮೇಲೆ ಅನುಮಾನ ಬಂದು ಲೈನ್‌ಮನ್‌ಗೆ ಫೋನ್ ಮಾಡಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಸಾರ್, ನಿಮ್ ಮನೆಗೊಂದ್ ಬ್ಯಾರೆ ಕರೆಂಟ್ ಬಿಡಾಕ್ ಬರಂಗಿಲ್ರೀ" ಎಂದ. ಕೊನೆಗೆ ಸಿಕ್ಕಿದ್ದು ಮಂಗಳಾ ಮಷೀನಿಗೆ ಹೊಲಿದು ಹಾಕಿದ್ದ ಗಿಳಿ ಕಸೂತಿಯ ಮುಸುಕು. "ಇದರಿಂದಲೇ ಸೆಕೆಯಾಗುತ್ತಿದೆ, ಇಷ್ಟೂ ತಿಳಿಯಲ್ವಾ ನಿನಗೆ?" ಎಂದು ಕೂಗಾಡಿದೆ. ಅವಳು ಮುಸುಕು ತೆಗೆದು ಮಡಚಿಟ್ಟಳು. ಮುಸುಕಿಲ್ಲದೆಯೂ ಮಷೀನು ಕಾದಿತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಇತ್ತ ಸೊರಬದಿಂದ ದಿನಾ ಬೆಳಿಗ್ಗೆ ಫೋನು. "ಎಂತ ಆತೋ?" "ಸಣ್ಣದೊಂದು ಬಾಕಿ ಐತಕ್ಕಾ." ಆ ಸಣ್ಣದು ಎರಡು ತಿಂಗಳು ಎಳೆಯಿತು. ಕೊನೆಗೆ ಅಕ್ಕ, "ಭಾನುವಾರ ನಾನೇ ಬರ್ತೆ. ಸರಿ ಆಗಿದ್ರೆ ಆಡ್ತೆ, ಇಲ್ಲಾಂದ್ರೆ ಗುಜರಿಯವನಿಗೆ ಅಲ್ಲಿಂದ್ಲೇ ಎತ್ತಿಸ್ತೆ. ನೀನು ಬೇಜಾರ್ ಮಾಡ್ಕಬೇಡ" ಎಂದಳು. ಬೇಜಾರು ಮಾಡಿಕೊಳ್ಳಬೇಡ ಎಂದ ಮೇಲೆ ನನಗೆ ಅನ್ನ ಸೇರಲಿಲ್ಲ. ಭಾವ ಬರೆದ ಆ ಕೆಂಪು ಅಕ್ಷರ ಗುಜರಿ ಗಾಡಿಯಲ್ಲಿ ಹೋಗುವುದು ಕಣ್ಣ ಮುಂದೆ ಬರುತ್ತಿತ್ತು. ಅಪ್ಪನ ರೇಡಿಯೋ ಆಯಿತು, ಇನ್ನು ಅವಳ ಗಂಡನ ಮಷೀನನ್ನೂ ನಾನೇ ಸುಟ್ಟು ಕೊಡುತ್ತೇನಲ್ಲ ಎಂದು ರಾತ್ರಿಯೆಲ್ಲ ಪೆಟ್ಟಿಗೆಯ ಮುಂದೆ ಕೂತೆ.

ಭಾನುವಾರ ಅಕ್ಕ ಬಸ್ಸಿಳಿದು ಬಂದವಳು ಕಾಲು ತೊಳೆದು ನೇರ ಮಷೀನಿನ ಹತ್ತಿರ ಹೋದಳು. ನಾನು ನನ್ನ ಪರಿಶೋಧನೆಗಳನ್ನೆಲ್ಲ ವಿವರಿಸತೊಡಗಿದೆ. ಅವಳು ಕೇಳುತ್ತಲೇ ಪೆಟ್ಟಿಗೆಯ ಹಿಂದೆ ಅಂಗೈ ಆಡಿಸಿದಳು. ಕೈ ಒಂದು ಕಡೆ ನಿಂತಿತು.

"ನಾಗೂ, ಇಲ್ಲಿ ತೂತಿದ್ವಲ್ಲೋ."

"ಮುಚ್ಚಿದೀನಿ ಅಕ್ಕಾ. ಹಲ್ಲಿ ಬರ್ತಾವೆ."

"ಮತ್ತೆ ಬಿಸಿ ಎಲ್ಲಿಂದ ಹೊರಗೆ ಹೋಗ್ಬೇಕು?"

ಬೇಕರಿಯ ಒಲೆಯ ಮುಂದೆ ಅರ್ಧ ಆಯುಸ್ಸು ಕಳೆದವಳು ಅವಳು. ಬಿಸಿ ಎಲ್ಲಿಂದ ಬರುತ್ತದೆ ಎಂದು ನಾನು ಎರಡು ತಿಂಗಳು ಹುಡುಕಿದ್ದೆ, ಎಲ್ಲಿಗೆ ಹೋಗುತ್ತದೆ ಎಂದು ಅವಳು ಎರಡು ನಿಮಿಷದಲ್ಲಿ ಕೇಳಿದಳು. ನನ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಕಪ್ಪು ಬಣ್ಣದ ಪುಟ್ಟಿಯನ್ನು ಒಂದೊಂದೇ ತೂತಿನಿಂದ ಕಿತ್ತು ಹಾಕುತ್ತಾ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಅವತ್ತು ಕಂಬಳಿ, ಇವತ್ತು ಪುಟ್ಟಿ. ಒಟ್ನಲ್ಲಿ ನಿನ್ನ ಕೈಗೆ ಬಂದಿದ್ದಕ್ಕೆ ಚಳಿ ಆಗ್ಬಾರ್ದು."

ತೂತುಗಳಿಗೆ ಒಂದು ತುಂಡು ಸೊಳ್ಳೆ ಪರದೆ ಬಡಿದು, ಬಾಗಿಲು ಮುಚ್ಚಿ, ಸ್ವಿಚ್ ಹಾಕಿದೆವು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ವಾಸನೆಯಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಆಡುತ್ತಲೇ ಇದ್ದಳು. ಅಷ್ಟರಲ್ಲಿ ಮಂಗಳಾ ಕಾಫಿ ತಂದು, "ಏನಾಗಿತ್ತಂತ್ರೀ ಇದಕ್ಕೆ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗುಂಡಿನ ಮೇಲಿಂದ ಕಣ್ಣು ತೆಗೆಯದೆ ಅಕ್ಕ ಹೇಳಿದಳು: "ನಂದೇ ತಪ್ಪು ಮಂಗಳಾ. ಹಲ್ಲಿ ಕಾಟ ಅಂತ ಸೊರಬದಲ್ಲೇ ತೂತು ಮುಚ್ಚಿಸಿದ್ದೆ. ಇವನಿಗೆ ಹೇಳೋದು ಮರೆತೆ." ಅರವತ್ತೆರಡು ವರ್ಷದ ನಾನು, ತೆರೆದ ಬಾಯಿಗೆ ಕಾಫಿ ಲೋಟ ಇಟ್ಟುಕೊಂಡೆ.

ಮಂಗಳಾ "ಹೌದಾ" ಎಂದು ಒಳಗೆ ಹೋದಳು. ಸಂಜೆ ನನ್ನನ್ನು ಅಡುಗೆಮನೆಗೆ ಕರೆದು, ಚಪಾತಿ ಮಣೆಯನ್ನು ನನ್ನ ಮುಂದಿಟ್ಟು, ಕಲ್ಲಾಗಿದ್ದ ಪುಟ್ಟಿಯ ಮೇಲೆ ಬೆರಳಿಟ್ಟಳು. "ರೀ, ಗಿರಿಜಕ್ಕ ಸೊರಬದಿಂದ ಬಂದು ನಮ್ ಮಣೆ ಮ್ಯಾಲೆ ಪುಟ್ಟಿ ಕಲಸಿದ್ರಾ?"

"ಇಲ್ಲ ಕಣೇ. ನಾನೇ ಮುಚ್ಚಿದ್ದು" ಎಂದೆ. ಜೀವನದಲ್ಲಿ ಮೊದಲ ಸಲ ಬಾಗಿಲ ಹಿಂದಿನಿಂದ ಹೊರಗೆ ಬಂದಂತಾಗಿ, ಸ್ವಲ್ಪ ಹೆಮ್ಮೆಯೂ ಆಯಿತು.

"ಹಂಗೇ ಆ ಕಂಬಳಿ ಸುದ್ದೀನೂ ಹೇಳಿಬಿಡ್ರಿ" ಎಂದಳು ಮಂಗಳಾ, ಹಿಟ್ಟಿನ ಪಾತ್ರೆಯನ್ನು ನನ್ನ ಕಡೆ ಸರಿಸುತ್ತಾ. "ಮದುವಿ ಆದ ವರ್ಷಾನೇ ಗಿರಿಜಕ್ಕ ಹೇಳಿದ್ರು. ನೀವು ಯಾವಾಗ ಹೇಳ್ತೀರಿ ಅಂತ ಅವತ್ತಿಂದ ಕಾಯ್ತಾ ಇದೀನಿ."

ಹಜಾರದಲ್ಲಿ ಅಕ್ಕನ ಮಷೀನು ಗಂಟೆ ಬಾರಿಸುತ್ತಲೇ ಇತ್ತು. ಆ ದಿನದ ಚಪಾತಿಗಳನ್ನೆಲ್ಲ, ಪುಟ್ಟಿಯ ಕಲೆ ತಪ್ಪಿಸಿ, ನಾನೇ ಲಟ್ಟಿಸಿದೆ.