ಧರ್ಮಣ್ಣ ಸರ್ ಎಂಬವರು ಇಲ್ಲವೆಂದ ಲಿಂಕರ್ ಮಹಾಶಯರಿಗೆ

ಆಳಂದ, ಶ್ರಾವಣ ಮಾಸ, ೧೯೯೮

ಮಾನ್ಯರೇ,

ಕಂಪ್ಯೂಟರಿನ ಒಡಲಲ್ಲಿ ಯಾರ ಕಣ್ಣಿಗೂ ಬೀಳದೆ ವಾಸಿಸುತ್ತ, ನಮ್ಮಂಥವರು ತುಂಡುತುಂಡಾಗಿ ಬರೆದ ಪ್ರೋಗ್ರಾಮುಗಳನ್ನು ಹೊಲಿದು ಒಂದೇ ಅಂಗಿಯಾಗಿ ಮಾಡಿಕೊಡುವ ಲಿಂಕರ್ ಮಹಾಶಯರಾದ ತಮಗೂ, ಹಾಗೆ ಹೊಲಿದದ್ದು ಓಡಲು ಹೊರಟಾಗ ಬೇಕಾದ ಸಾಮಾನೆಲ್ಲ ಬಂದಿದೆಯೇ ಎಂದು ಬಾಗಿಲಲ್ಲಿ ನಿಂತು ತಪಾಸಣೆ ಮಾಡುವ ತಮ್ಮ ಸೋದರ ಲೋಡರ್ ಮಹಾಶಯರಿಗೂ, ಆಳಂದದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವ ಅನಂತನೆಂಬ ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವಿಬ್ಬರೂ ಕ್ಷೇಮವೆಂದು ಬಲ್ಲೆ. ಕೆಟ್ಟಿರುವುದು ಯಾವಾಗಲೂ ನನ್ನ ತಲೆಯೇ ಹೊರತು ತಾವಲ್ಲವೆಂದು ತಾವು ಇಂಗ್ಲಿಷಿನಲ್ಲಿ ಹಲವು ಸಲ ತಿಳಿಸಿದ್ದೀರಿ.

ನನ್ನ ದೂರನ್ನು ತಮ್ಮ ಪಾದಕ್ಕೆ ಒಪ್ಪಿಸುವ ಮೊದಲು ನಮ್ಮ ಧರ್ಮಣ್ಣ ಸರ್ ಅವರ ಪರಿಚಯ ಮಾಡಿಕೊಡಬೇಕು, ಏಕೆಂದರೆ ಅಂಥವರೊಬ್ಬರು ಇದ್ದಾರೆಂಬುದನ್ನೇ ತಾವು ತುಂಬಿದ ಸಭೆಯಲ್ಲಿ ನಿರಾಕರಿಸಿದ್ದೀರಿ. ಅವರು ಜೇವರ್ಗಿಯವರು, ಮೊದಲು ಅಫಜಲಪುರದಲ್ಲಿ, ಆಮೇಲೆ ನಮ್ಮಲ್ಲಿ ಇತಿಹಾಸ ಕಲಿಸಿದವರು. ಸೊನ್ನದ ಬಳಿ ಭೀಮೆಯ ಈ ದಂಡೆಯಲ್ಲಿ ನಿಂತು ಅವರು ಪಾಠ ಶುರುಮಾಡಿದರೆ ಆಚೆ ದಂಡೆಯ ಎಮ್ಮೆಗಳೂ ಪಾಸಾಗುತ್ತವೆ ಎಂದು ಹುಡುಗರು ಹೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಕಲನಶಾಸ್ತ್ರ ಕಲಿಸುವಾಗ ನನ್ನ ವಿದ್ಯಾರ್ಥಿಗಳು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಬಹಮನಿ ಸುಲ್ತಾನರ ಬಗ್ಗೆಯೇ. ಅಂಥ ಗಂಟಲಿನಲ್ಲಿ ಗಡ್ಡೆ ಬೆಳೆಯಿತು. ಸೊಲ್ಲಾಪುರದ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು.

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಾದ ಚಂದ್ರಾಮಪ್ಪನವರು ಮಟಕಿಯ ಕಡೆಯ ಜಮೀನುದಾರರು, ಕೆಟ್ಟವರಲ್ಲ. ಆಪರೇಷನ್ನಿಗೆ ಮೊದಲು ಧರ್ಮಣ್ಣ ಸರ್ ಅವರ ಮನೆಗೆ ಬಂದು, ಚಹಾ ಆರಿಹೋಗುವವರೆಗೆ ಮಳೆ-ಬೆಳೆಯ ಮಾತಾಡಿ, ಕೊನೆಗೆ ಹೇಳಿದರು: "ಸರ್ರ, ನಿಮ್ಮ ಮ್ಯಾಲ ನಮಗ ಭಾಳ ಮರ್ಯಾದಿ ಅದ. ಆದ್ರ ಆವಾಜೇ ಇಲ್ಲದ ಮಾಸ್ತರ್‌ನ ಕ್ಲಾಸಿನ್ಯಾಗ ಹ್ಯಾಂಗ ನಿಲ್ಲಸ್ಲಿ? ನೀವೇ ಹೇಳ್ರಿ." ನಾನೂ ಅಲ್ಲೇ ಕುಳಿತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಾನು ಎದ್ದು ನಿಂತು, "ಅಧ್ಯಕ್ಷರ, ಸರ್ ಅವರ ಆವಾಜ ನಾ ಉಳಸ್ತೇನಿ. ಕಂಪ್ಯೂಟರಿನ್ಯಾಗ ಇಡ್ತೇನಿ. ಅವರು ಟೈಪ್ ಮಾಡಿದ್ರ ಅದು ಮಾತಾಡ್ತದ" ಎಂದೆ. ಮಾತು ಬಾಯಿಂದ ಜಾರಿದ ಮೇಲೆ ನನಗೇ ಗಾಬರಿಯಾಯಿತು. ಅಧ್ಯಕ್ಷರು ಮಾತ್ರ ತೋರಿಸಿದರೆ ನೋಡೋಣವೆಂದು ಎದ್ದರು.

ಹೀಗಾಗಿ ಧರ್ಮಣ್ಣ ಸರ್ ಸಂಜೆ ಸಂಜೆ ನಮ್ಮ ಮನೆಗೆ ಬಂದು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಕ ಕಾ ಕಿ ಕೀ ಎಂದು ಇಡೀ ಕಾಗುಣಿತವನ್ನು ಒಪ್ಪಿಸತೊಡಗಿದರು. ನನ್ನ ಹೆಂಡತಿ ಪ್ರಮಿಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸರ್ರ, ಇವರ ಮಾತ ಕೇಳಿ ಈ ವಯಸ್ಸಿನ್ಯಾಗ ಒಂದನೇ ಕ್ಲಾಸಿಗಿ ಹ್ವಾದ್ರಲ್ಲ!" ಎಂದಾಗ ಅವರು ಕೆಮ್ಮು ಬರುವಷ್ಟು ನಕ್ಕು, ಕಣ್ಣೊರೆಸಿಕೊಂಡು, "ಅನಂತರಾವ್, ನಗೂದೂ ರೆಕಾರ್ಡ್ ಆತೇನು? ಇರ್ಲಿ, ಅಳಸಬ್ಯಾಡ್ರಿ" ಎಂದರು. ಒತ್ತಕ್ಷರಗಳಿಗೆ ಬರುವಷ್ಟರಲ್ಲಿ ಸೊಲ್ಲಾಪುರಕ್ಕೆ ಹೊರಡುವ ದಿನ ಬಂತು. ಆದ್ದರಿಂದ ನನ್ನ ಯಂತ್ರಕ್ಕೆ ಇಂದಿಗೂ 'ಧರ್ಮಣ್ಣ' ಎನ್ನಲು ಬರುವುದಿಲ್ಲ, 'ಧರಮಣಣ' ಎನ್ನುತ್ತದೆ.

ಮಾನ್ಯರೇ, ಬುದ್ಧಿಯಿದ್ದವನಾದರೆ ಆ ಅಕ್ಷರಗಳ ಸದ್ದನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟು, ಬೇಕಾದಾಗ ಒಂದೊಂದನ್ನೇ ತೆಗೆದು ನುಡಿಸಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಲಗುತ್ತಿದ್ದ. ನಾನು ಆಗಷ್ಟೇ ಒಂದು ಪುಸ್ತಕದಲ್ಲಿ, ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಾನಿನ ಕೋಣೆಗೆ 'ಶೇರ್ಡ್ ಲೈಬ್ರರಿ' ಎನ್ನುತ್ತಾರೆಂದು ಓದಿದ್ದೆ. ಓದಿದ್ದನ್ನು ತಕ್ಷಣ ಮಾಡಿ ತೋರಿಸದಿದ್ದರೆ ನನಗೆ ಅಜೀರ್ಣವಾಗುತ್ತದೆ. ಧರ್ಮಣ್ಣ ಸರ್ ಅವರ ದನಿಯನ್ನೆಲ್ಲ ಅಂಕಿಗಳಾಗಿ ಮಾಡಿ ಅಂಥದೊಂದು ಲೈಬ್ರರಿಯಲ್ಲಿ ತುಂಬಿ, ಅದಕ್ಕೆ 'ಧರ್ಮಣ್ಣ' ಎಂದು ಹೆಸರಿಟ್ಟೆ. ತಾವು ಸಿಗುವುದಿಲ್ಲವೆಂದಿರಿ. ಕಣ್ಣೆದುರಿಗಿದ್ದ ಕಡತ ಸಿಗುವುದಿಲ್ಲವೇಕೆಂದು ಹಣೆ ಚಚ್ಚಿಕೊಂಡು ಮತ್ತೆ ಪುಸ್ತಕ ತೆರೆದರೆ, ಹೆಸರಿನ ಮುಂದೆ 'ಲಿಬ್' ಎಂಬ ಬಿರುದು ಇರದ ಲೈಬ್ರರಿಯನ್ನು ತಾವು ಮಾತಾಡಿಸುವುದೇ ಇಲ್ಲವೆಂದು ತಿಳಿಯಿತು. ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋಗಿದ್ದಕ್ಕೆ ಊಟಕ್ಕೆ ಬಾರದ ನಮ್ಮ ಬೀಗರ ನೆನಪಾಗಿ ತಮ್ಮ ಮೇಲೆ ಗೌರವ ಹೆಚ್ಚಿತು. 'ಲಿಬ್‌ಧರ್ಮಣ್ಣ' ಎಂದು ಕರೆದ ಮೇಲೆ ತಾವು ತೃಪ್ತರಾಗಿ, ಕೂಡಲೇ ಇನ್ನೊಂದು ಆಕ್ಷೇಪಣೆ ಎತ್ತಿದಿರಿ: ಧ್ವನಿ ನುಡಿಸುವ ಸಾಮಾನನ್ನು, ಅದು ಬೇಕೆಂದು ಕೇಳುವ ಪ್ರೋಗ್ರಾಮಿಗಿಂತ ಮೊದಲೇ ತಂದು ತೋರಿಸಿದರೆ ತಾವು ನೋಡುವುದಿಲ್ಲ, ಅದು ಕೇಳಿದ ಮೇಲೆಯೇ ತರಬೇಕು. ಆಜ್ಞೆಯ ಸಾಲಿನಲ್ಲಿ ಆ ಎರಡು ಹೆಸರುಗಳನ್ನು ಹಿಂದುಮುಂದು ಮಾಡಿದೆ. ಯಂತ್ರ ಧರ್ಮಣ್ಣ ಸರ್ ಅವರ ದನಿಯಲ್ಲಿ 'ಕಮಲ' ಎಂದಿತು. ನಾನು ಕುಣಿದೆ. ಪ್ರಮಿಲಾ ಒಳಗಿನಿಂದ, ಕಮಲಾ ಯಾರೆಂದು ಕೇಳಿದಳು.

ಅಧ್ಯಕ್ಷರಿಗೆ ತೋರಿಸುವ ದಿನ ಬಂತು. ಬಿ.ಎ. ಕೊನೆಯ ವರ್ಷದ ಕ್ಲಾಸಿಗೇ ಕಂಪ್ಯೂಟರನ್ನು ಹೊತ್ತು ತಂದು ಮೇಜಿನ ಮೇಲಿಟ್ಟೆವು. ಮುಂದಿನ ಬೆಂಚಿನಲ್ಲಿ ಚಂದ್ರಾಮಪ್ಪನವರೂ ಮಂಡಳಿಯ ಸದಸ್ಯರೂ ಕುಳಿತರು, ಅವರ ಪಕ್ಕದಲ್ಲಿ ಆಪರೇಷನ್ ಮುಗಿಸಿ ಬಂದು ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡ ಧರ್ಮಣ್ಣ ಸರ್. ಬೆಳಿಗ್ಗೆ ನಾನೊಬ್ಬನೇ ಬಂದು, ಲೈಬ್ರರಿ ಯಂತ್ರದ ಯಾವ ಡೈರೆಕ್ಟರಿಯಲ್ಲಿ, ಅಂದರೆ ಯಾವ ಕೋಣೆಯಲ್ಲಿದೆ ಎಂಬ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ತಮ್ಮ ಸೋದರರಿಗೆ ತಿಳಿಸಿ, ಎಲ್ಲವನ್ನೂ ಓಡಿಸಿ ನೋಡಿದ್ದೆ. ಸಭೆ ಸೇರುವ ಹೊತ್ತಿಗೆ, ಆಳಂದದಲ್ಲಿ ಆಗಬೇಕಾದ ಹಾಗೆ, ಕರೆಂಟು ಹೋಯಿತು. ಬಂತು. ಯಂತ್ರ ಮತ್ತೆ ಎದ್ದಿತು. ನಾನು ಶರಣು ಎಂದು ಕೈಮುಗಿದು, ದೊಡ್ಡದೊಂದು ಭಾಷಣ ಮಾಡಿ, ಗುಂಡಿ ಒತ್ತಿದೆ. ತಮ್ಮ ಸೋದರರು ಪರದೆಯ ಮೇಲೆ ಒಂದೇ ಸಾಲು ಬರೆದರು.

"ಏನಂತದ ಅದು?" ಎಂದು ಅಧ್ಯಕ್ಷರು ಕೇಳಿದರು.

ಅನುವಾದಿಸದೆ ಗತಿಯಿರಲಿಲ್ಲ. "ಲಿಬ್‌ಧರ್ಮಣ್ಣ ಅಂಬೋರು ಯಾರೂ ಇಲ್ಲ ಅಂತದ್ರಿ."

"ಅಲ್ರೀ, ಇಲ್ಲೇ ನನ್ನ ಬಾಜೂಕ ಕುಂತಾರಲ್ಲ!"

ಕ್ಲಾಸು ನಕ್ಕಿತು. ಧರ್ಮಣ್ಣ ಸರ್ ನಗಲಿಲ್ಲ, ಮೊಣಕಾಲ ಮೇಲಿನ ಕೈಗಳನ್ನು ನೋಡುತ್ತ ಕುಳಿತರು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಕರೆಂಟು ಹೋದಾಗ ನಾನು ಬೆಳಿಗ್ಗೆ ತಿಳಿಸಿದ್ದ ವಿಳಾಸವೂ ಅದರ ಜೊತೆ ಹೋಗಿದೆ ಎಂಬ ಸರಳ ಸಂಗತಿ ಹೊಳೆಯಲಿಲ್ಲ. ಹೆಸರು ಬದಲಿಸಿದೆ, ಕಡತವನ್ನು ಅತ್ತಿಂದಿತ್ತ ನಕಲು ಮಾಡಿದೆ, ಎಲ್ಲವನ್ನೂ ಹೊಸದಾಗಿ ಹೊಲಿದೆ. ಕೊನೆಗೆ, ಯಂತ್ರದ ಮೂಲ ಲೈಬ್ರರಿಯೇ ನನ್ನದರ ಜೊತೆ ಜಗಳ ಮಾಡುತ್ತಿರಬೇಕೆಂದು ತೀರ್ಮಾನಿಸಿ, ಅದನ್ನು ಜರಾ ಬದಿಗೆ ಸರಿಸಿದೆ. ಆ ಯಂತ್ರದ ಪ್ರತಿಯೊಂದು ಆಜ್ಞೆಯೂ ಆ ಒಂದು ಲೈಬ್ರರಿಯ ಅನ್ನ ಉಣ್ಣುತ್ತದೆಂದು ಪುಸ್ತಕದ ಮುಂದಿನ ಅಧ್ಯಾಯದಲ್ಲಿ ಬರೆದಿತ್ತಂತೆ. ಕಡತಗಳ ಪಟ್ಟಿ ಕೇಳಿದೆ, ಇಲ್ಲವೆಂದಿತು. ನಕಲು ಮಾಡೆಂದೆ, ಇಲ್ಲ. ಸರಿಸಿದ್ದನ್ನು ವಾಪಸ್ ಇಡೆಂದೆ, ಆ ಆಜ್ಞೆಗೂ ಅದೇ ಲೈಬ್ರರಿ ಬೇಕಾಗಿತ್ತು. ಬಾವಿಗೆ ಇಳಿದವನು ತನ್ನ ಹಗ್ಗವನ್ನು ತಾನೇ ಕೊಯ್ದುಕೊಂಡು, ಮೇಲಿದ್ದವರಿಗೆ ಸರಿಯಾಗಿ ಹಿಡಿದುಕೊಳ್ಳಿ ಎಂದಂತಾಯಿತು ನನ್ನ ಸ್ಥಿತಿ.

ನಾನು ಕ್ಲಾಸಿಗೆ ಬೆನ್ನು ಹಾಕಿ, ಬೆವರಿನಲ್ಲಿ ತೊಯ್ದು, ಕೀಲಿಮಣೆ ಕುಟ್ಟುತ್ತಿದ್ದಾಗ ಹಿಂದೆ ಹಲಗೆಯ ಮೇಲೆ ಸೀಮೆಸುಣ್ಣದ ಸದ್ದು ಕೇಳಿತು. ಧರ್ಮಣ್ಣ ಸರ್ ಎದ್ದು ಹೋಗಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು: 'ಬಹಮನಿಯವರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಏಕೆ ಒಯ್ದರು?' ಬರೆದು, ತಿರುಗಿ, ಎಂದಿನಂತೆ ಹುಬ್ಬು ಹಾರಿಸಿದರು. ನರೋಣಾದಿಂದ ಬಸ್ಸಿನಲ್ಲಿ ಬರುವ ಗೌಸಿಯಾಬೇಗಂ ಎದ್ದು ನಿಂತಳು. "ಸರ್, ಹವಾ ಚಲೋ ಇತ್ತು ಅಂತ ಪುಸ್ತಕದಾಗ ಅದ." ಸರ್ 'ಹವಾ' ಎಂದು ಬರೆದು ಅದರ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಎಳೆದರು. "ಹವಾಕ್ಕ ಯಾವ ಸುಲ್ತಾನ ಊರ ಬಿಡ್ತಾನ?" ಎಂದು ಹಿಂದಿನ ಬೆಂಚಿನವನೊಬ್ಬ. "ಕಲಬುರಗಿ ಬಿಸಲು ನೀ ನೋಡಿಲ್ಲೇನು?" ಎಂದು ಅವಳು. ಸರ್ ಎರಡನ್ನೂ ಬರೆದರು, ನಡುವೆ ಗೆರೆ ಎಳೆದರು, ಒಬ್ಬನತ್ತ ಬೆರಳು ಮಾಡಿದರು, ಇನ್ನೊಬ್ಬನ ಉತ್ತರ ಕೇಳಿ ಎರಡೂ ಕಿವಿ ಮುಚ್ಚಿಕೊಂಡರು. ಕ್ಲಾಸು ತಾನೇ ಕೂಗಾಡಿ, ತಾನೇ ತಿದ್ದಿಕೊಂಡು, ಅಣ್ಣತಮ್ಮಂದಿರ ಜಗಳ, ದರಬಾರಿನ ಒಳಸಂಚುಗಳವರೆಗೂ ಹೋಯಿತು. ತಡೆಯಲಾರದೆ ಚಂದ್ರಾಮಪ್ಪನವರೇ ಅರ್ಧ ಎದ್ದು, "ನೀರಿನ ಸಲ್ವಾಗಿ ಇರಬೇಕ್ರಿ. ನೀರ ಬರೋಬರಿ ಇಲ್ಲಂದ್ರ ನಾನೂ ಹೊಲ ಬದಲಿ ಮಾಡ್ತೇನಿ" ಎಂದರು. ಧರ್ಮಣ್ಣ ಸರ್ ಒಂದು ಗಳಿಗೆ ಯೋಚಿಸಿ, ಹಲಗೆಯ ಮೂಲೆಯಲ್ಲಿ 'ಅಧ್ಯಕ್ಷರಿಗೆ ಅರ್ಧ ಅಂಕ' ಎಂದು ಬರೆದರು.

ಗಂಟೆ ಬಾರಿಸಿದಾಗ ಅಧ್ಯಕ್ಷರು ನನ್ನ ಮೇಜಿನ ಬಳಿ ಬಂದರು. "ಧರ್ಮಣ್ಣ ಸರ್ ಇರ್ತಾರ. ನನ್ನ ಉಳಿದರ್ಧ ಅಂಕ ಬರೂತನಕ ಅವರನ್ನ ಬಿಡಂಗಿಲ್ಲ" ಎಂದು, ಸತ್ತುಬಿದ್ದ ಪರದೆಯನ್ನು ನೋಡಿ, "ಇದಕ್ಕ ಒಂದ ಬಟ್ಟಿ ಹೊಚ್ಚಿ ಇಡ್ರಿ, ಧೂಳ ಬೀಳ್ತದ" ಎಂದು ಹೆಗಲು ತಟ್ಟಿ ಹೋದರು. ನನಗೆ ಸಂತೋಷವಾಯಿತು ಎಂದು ಬರೆಯಬೇಕು, ಆಯಿತು ಕೂಡ. ಆದರೆ ಗೆಳೆಯನ ಅನ್ನ ಉಳಿದ ಗಳಿಗೆಯಲ್ಲೂ, ಅದು ನನ್ನ ಯಂತ್ರದಿಂದ ಉಳಿಯಲಿಲ್ಲವಲ್ಲ ಎಂದು ಎದೆಯ ಯಾವುದೋ ಮೂಲೆ ಮುನಿಸಿಕೊಂಡಿತ್ತು. ಅಷ್ಟು ಸಣ್ಣವನು ನಾನು.

ಹೀಗಿರುವುದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ನಮ್ಮೂರಿನ ಅಂಚೆಯವನು ಬಾಗಿಲು ಹಾಕಿದ್ದರೆ 'ಅಂಥವರಿಲ್ಲ' ಎಂದು ಬರೆದು ಹೋಗುವುದಿಲ್ಲ, ಬಾಜೂ ಮನೆಯಲ್ಲಿ ವಿಚಾರಿಸುತ್ತಾನೆ, ಅಲ್ಲಿ ಸಿಗದಿದ್ದರೆ ಹೋಟೆಲಿನಲ್ಲಿ ಹುಡುಕುತ್ತಾನೆ. ತಾವೂ ಪಕ್ಕದ ಡೈರೆಕ್ಟರಿಯಲ್ಲಿ ಒಂದು ಮಾತು ಕೇಳುವ ರೂಢಿ ಇಟ್ಟುಕೊಳ್ಳಬೇಕು. ಕರೆಂಟು ಹೋಗುವ ಮೊದಲು ಹೇಳಿದ್ದನ್ನು ಕರೆಂಟು ಬಂದ ಮೇಲೂ ನೆನಪಿಡಬೇಕು, ಇಲ್ಲವೇ ಆಳಂದಕ್ಕೆ ಬೇರೆ ಕರೆಂಟು ಮಂಜೂರು ಮಾಡಿಸಬೇಕು. ಮತ್ತು ಮೂಲ ಲೈಬ್ರರಿಯ ಹತ್ತಿರ ನನ್ನ ಕೈ ಸುಳಿದರೆ, ದಯವಿಟ್ಟು ಬಾರಿಸಬೇಕು.

ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿ, ಮೂಲ ಲೈಬ್ರರಿಯನ್ನು ಸ್ವಸ್ಥಾನದಲ್ಲಿ ಕೂಡಿಸಿ, ಪ್ರೋಗ್ರಾಮಿಗೆ ಯಾವ ಯಾವ ಲೈಬ್ರರಿ ಬೇಕು, ಯಾವುದು ಸಿಗುತ್ತಿಲ್ಲವೆಂದು ಹೇಳುವ ಪುಟ್ಟ ಆಜ್ಞೆಯನ್ನು ಕೊನೆಗೂ ಕೇಳಿದಾಗ ಅದು ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿತು. ಅಂದೇ ಕೇಳಿದ್ದರೆ ಅಂದೇ ಹೇಳುತ್ತಿತ್ತು. ವಿಳಾಸವನ್ನು ಈಗ ಕರೆಂಟಿಗೆ ಹೆದರದ ಜಾಗದಲ್ಲಿ ಬರೆದಿಟ್ಟು, ಅದನ್ನೊಮ್ಮೆ ಓದಿಕೊಳ್ಳುವಂತೆ ತಮ್ಮ ಸೋದರರಿಗೆ ಅಪ್ಪಣೆ ಕೊಟ್ಟಿದ್ದೇನೆ. ಬೇಕಾಗಿದ್ದುದು ಅಷ್ಟೇ.

ಅದಾದ ಮೇಲಿನ ರವಿವಾರ ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ಧರ್ಮಣ್ಣ ಸರ್ ಅವರ ಮನೆಗೆ ಹೋದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುವುದನ್ನು ತೋರಿಸಿಕೊಟ್ಟೆ. ಯಾವುದಾದರೂ ಸುಲ್ತಾನನ ಹೆಸರನ್ನೇ ಬರೆಯುತ್ತಾರೆಂದುಕೊಂಡೆ. ಅವರು ಕೀಲಿಮಣೆಯನ್ನು ಬಹಳ ಹೊತ್ತು ನೋಡಿ, ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು. ಯಂತ್ರ ಅವರ ದನಿಯಲ್ಲಿ, ಮೆಟ್ಟಿಲಿಳಿಯುವ ಮುದುಕನಂತೆ ಒಂದೊಂದೇ ಅಕ್ಷರ ಊರಿ, "ಶಾ... ರ... ದಾ" ಎಂದಿತು.

ಒಳಗೆ ಊಟಕ್ಕೆ ಶೇಂಗಾ ಹಿಂಡಿ ಕುಟ್ಟುತ್ತಿದ್ದ ಸದ್ದು ನಿಂತಿತು. ಅವರ ಹೆಂಡತಿ ಶಾರದಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಯಂತ್ರವನ್ನು ನೋಡಲಿಲ್ಲ, ನೇರ ಗಂಡನನ್ನೇ ನೋಡಿದರು.

"ಹೆಸರ ಹಿಡದ ಕರದ್ರೇನ್ರಿ?"

ಧರ್ಮಣ್ಣ ಸರ್ ತಲೆಯಾಡಿಸಿದರು.

"ಆವಾಜ ಇದ್ದಾಗ ಒಂದಿನಾನೂ ಕರೀಲಿಲ್ಲ. 'ಏ, ಕೇಳ್ದೇನು' ಅನ್ನೂದ್ರಾಗ ಜಲ್ಮ ಹ್ವಾತು" ಎಂದರು ಶಾರದಾಬಾಯಿ. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಆಮೇಲೆ ಮೆಲ್ಲಗೆ, "ಮತ್ತೊಮ್ಮಿ ಕರೀರಿ" ಎಂದರು.

ಅವರು ಮತ್ತೊಮ್ಮೆ ಒತ್ತಿದರು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಅಂಗಳಕ್ಕೆ ಬಂದೆ.

ಆದಕಾರಣ ತಮ್ಮ ಮೇಲಿನ ದೂರನ್ನು ಗೌರವಪೂರ್ವಕವಾಗಿ ಹಿಂತೆಗೆದುಕೊಂಡು, ಅದೇ ದೂರನ್ನು ನನ್ನ ಮೇಲೆ ದಾಖಲಿಸಿಕೊಳ್ಳಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಅನಂತ

ತಾ.ಕ.: ಅಂದಿನ ಅನಾಹುತಕ್ಕೆಲ್ಲ ಕರೆಂಟೇ ಕಾರಣವೆಂದು ಮಂಡಳಿಗೆ ವಿವರಣೆ ಬರೆದುಕೊಟ್ಟಿದ್ದೇನೆ. ಅಧ್ಯಕ್ಷರು ತಮ್ಮನ್ನು ವಿಚಾರಿಸಿದರೆ ತಾವೂ ಹಾಗೆಯೇ ಹೇಳತಕ್ಕದ್ದು. ಸುಳ್ಳು ಹೇಳುವುದು ತಮ್ಮ ಸ್ವಭಾವವಲ್ಲವೆಂದಾದರೆ, ಎಂದಿನಂತೆ ನಿಜವನ್ನೇ ಹೇಳಿ. ತಾವು ನಿಜ ಹೇಳಿದಾಗ ಅದು ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ ನನಗಿದೆ.